ಸುಗ್ಗಿ ಮುಗಿದ ಮೇಲೆ ನೆಂಟರೆಲ್ಲ ಒಂದೇ ಮನೆಯಲ್ಲಿ

ಕಡಲೆಕಾಯಿ ಗಿಡ ಕಿತ್ತು, ಕಾಯಿ ಬಿಡಿಸಿ, ಒಣಗಿಸಿ ಮೂಟೆ ಕಟ್ಟುವ ಹೊತ್ತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕಾರ್ತಿಕ ಬಂದಿರುತ್ತದೆ. ರಾಗಿ ಕೊಯ್ದು, ಮೆದೆ ಒಟ್ಟಿ, ಕಣ ಮುಗಿಸಿ ಕಾಳು ಮನೆ ಸೇರುವಷ್ಟರಲ್ಲಿ ಸಂಕ್ರಾಂತಿ. ಈ ನಡುವೆ ಎಂದಾದರೊಂದು ದಿನ ಅಣ್ಣತಮ್ಮಂದಿರು, ಕೊಟ್ಟ ಹೆಣ್ಣುಮಕ್ಕಳು, ಬೀಗರು, ಬೆಂಗಳೂರು ಸೇರಿದ ಮೊಮ್ಮಕ್ಕಳು ಎಲ್ಲರೂ ಊರಲ್ಲಿ ಉಳಿದಿರುವ ಒಬ್ಬರ ಮನೆಗೆ ಬಂದು, ಹೊಸ ಕಾಳಿನ ಊಟ ಮಾಡಿ, ಬೆಳೆ ಕೊಟ್ಟ ನೆಲಕ್ಕೆ ಕೈಮುಗಿದು ಹೋಗುವುದು ಒಳ್ಳೆಯ ಪದ್ಧತಿ. ಅದು ಉಳಿಯಬೇಕು, ಇಲ್ಲದ ಮನೆಗಳಲ್ಲಿ ಹೊಸದಾಗಿ ಶುರುವಾಗಬೇಕು ಎಂಬುದು ನನ್ನ ಆಸೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿದ್ದು ಹೊಲ ನೋಡಿಕೊಂಡವರಿಗೆ ಕೃತಜ್ಞತೆ ಹೇಳಲು ಎಲ್ಲರೂ ಬಂದು, ಆ ಮನೆಯ ಹೆಂಗಸರೇ ಎರಡು ದಿನ ಒಲೆ ಮುಂದೆ ಬೆಂದು, ಕೊನೆಗೆ ತಳ ಹಿಡಿದ ಅನ್ನ ಉಣ್ಣುವಂತಾದರೆ ಆ ಕೂಟ ಮಾಡದಿರುವುದೇ ವಾಸಿ. ಕರೆದ ಮನೆಯವರು ಕೂತು ಉಣ್ಣಬೇಕು, ಬಂದವರು ಬಡಿಸಬೇಕು. ಮುಂದೆ ಬರೆದಿರುವ ಏರ್ಪಾಟುಗಳೆಲ್ಲ ಇದೊಂದು ಸಾಧ್ಯವಾಗಲಿ ಎಂದೇ.

ಬೆಳೆ ಬಂದಾಗ ಕುಟುಂಬ ಕೂಡಿ ಉಣ್ಣುವ ಹಬ್ಬ ಲೋಕದಲ್ಲೆಲ್ಲ ಇದೆ. ಕೊಡಗಿನಲ್ಲಿ ಹುತ್ತರಿಗೆ ಎಲ್ಲಿದ್ದರೂ ಐನ್‌ಮನೆಗೆ ಬಂದು ಕದಿರು ತೆಗೆಯುತ್ತಾರೆ. ಕರಾವಳಿಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ಕಾಳನ್ನು ಮನೆಮಂದಿಗೆಲ್ಲ ಹಂಚಿ ಉಣ್ಣುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೇ ಹೋಗಿ ಚರಗ ಚೆಲ್ಲುತ್ತಾರೆ. ಅಮೆರಿಕದಲ್ಲಿ 1863ರಲ್ಲಿ ಅಧ್ಯಕ್ಷ ಲಿಂಕನ್ ಕರೆ ಕೊಟ್ಟ ಮೇಲೆ ಇಂಥ ಹಬ್ಬಕ್ಕೆ ದೇಶದಲ್ಲೆಲ್ಲ ಒಂದೇ ದಿನವಾಯಿತು. 1941ರ ಕಾನೂನು ನವೆಂಬರ್ ತಿಂಗಳ ನಾಲ್ಕನೇ ಗುರುವಾರವನ್ನು ಥ್ಯಾಂಕ್ಸ್‌ಗಿವಿಂಗ್ ದಿನವೆಂದು ಗೊತ್ತುಮಾಡಿತು. ನಮ್ಮ ಬಯಲುಸೀಮೆಯ ಈ ನಾಲ್ಕು ತಾಲ್ಲೂಕಿಗೆ ಹಾಗೆ ಗೊತ್ತಾದ ದಿನವೇನೂ ಇಲ್ಲ. ಮಳೆ ಯಾವಾಗ ಬರುತ್ತದೋ ಬಿತ್ತನೆ ಆಗ, ಬಿತ್ತನೆ ಆದಂತೆ ಕಣ. ಅದಕ್ಕೇ ಇಲ್ಲಿಯ ಕೃತಜ್ಞತೆ ತಿಥಿಗೆ ಕಟ್ಟುಬಿದ್ದಿಲ್ಲ. ಮೊದಲ ಕಾಳನ್ನು ದೇವರಿಗೆ ಮೀಸಲು ತೆಗೆಯುವುದು, ತಿರುಪತಿಗೋ ಮನೆದೇವರಿಗೋ ಹಳದಿ ಬಟ್ಟೆಯಲ್ಲಿ ಮುಡುಪು ಕಟ್ಟುವುದು, ಕಣದಲ್ಲಿ ರಾಶಿ ಪೂಜೆ ಮಾಡುವುದು, ಹಿರಿಯರಿಗೆ ಎಡೆ ಇಡುವುದು ಎಲ್ಲವೂ ಆಯಾ ಮನೆಯ ಅನುಕೂಲಕ್ಕೆ ತಕ್ಕಂತೆ ನಡೆಯುತ್ತವೆ. ದಿನ ಆರಿಸುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲೇ ಇದೆ. ಆದರೆ ದಿನ ಆರಿಸಲು ಎಲ್ಲರನ್ನೂ ಒಪ್ಪಿಸುವುದೇ ಮೊದಲ ಕೆಲಸ.

ದಿನ ಮತ್ತು ಮನೆ

ನನ್ನ ಆಯ್ಕೆ ಡಿಸೆಂಬರ್ ಕೊನೆಯ ವಾರ, ಇಲ್ಲವೇ ಸಂಕ್ರಾಂತಿಯ ಆಚೀಚಿನ ಶನಿವಾರ, ಭಾನುವಾರ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮದುವೆಗಳು ನಿಂತಿರುತ್ತವೆ. ಆದ್ದರಿಂದ ಅಡುಗೆ ಭಟ್ಟರು, ಶಾಮಿಯಾನ, ಬಾಡಿಗೆ ಪಾತ್ರೆ ಎಲ್ಲ ಕೇಳಿದ ದಿನ ಸಿಗುತ್ತವೆ. ಕ್ರಿಸ್‌ಮಸ್‌ಗೆ ಒಂದೆರಡು ದಿನ ರಜೆ ಹಾಕಿಕೊಂಡರೆ ಬೆಂಗಳೂರಿನವರಿಗೂ ಬಿಡುವು. ಧನುರ್ಮಾಸದಲ್ಲಿ ಹೊಸ ಶುಭಕಾರ್ಯ ಬೇಡ ಎನ್ನುವ ಹಿರಿಯರಿದ್ದರೆ ಅವರ ಮಾತಿಗೆ ಬೆಲೆ ಕೊಟ್ಟು ಸಂಕ್ರಾಂತಿಯ ನಂತರಕ್ಕೆ ಇಟ್ಟುಕೊಳ್ಳಿ. ಅಷ್ಟರಲ್ಲಿ ರಾಗಿ ಕಣವೂ ಮುಗಿದಿರುತ್ತದೆ. ಫೆಬ್ರವರಿ ದಾಟಿಸಬೇಡಿ. ಆಮೇಲೆ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿಂದ ಹಿಡಿದು ಊರೂರಿನ ಜಾತ್ರೆ, ಮದುವೆ, ಹುಣಸೆ ಬಡಿಯುವ ಕೆಲಸ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಕಡಲೆಕಾಯಿ ಮುಗಿದ ಕೂಡಲೇ ಕಾರ್ತಿಕದಲ್ಲಿ ಮಾಡುವುದಾದರೆ ಸೋಮವಾರ ಬಿಡಿ. ಆ ತಿಂಗಳೆಲ್ಲ ಬಾಡು ಮುಟ್ಟದ ಮನೆಗಳೂ ಇವೆ, ವಿಚಾರಿಸಿಕೊಳ್ಳಿ.

ದೇವಸ್ಥಾನಗಳ ವಾರವನ್ನೂ ನೋಡಿಕೊಳ್ಳಬೇಕು. ಪಾವಗಡದಲ್ಲಿ ಶನಿವಾರ ಶನಿಮಹಾತ್ಮನ ದರ್ಶನಕ್ಕೆ ಆಂಧ್ರದಿಂದಲೂ ಜನ ಬರುತ್ತಾರೆ. ಕೊರಟಗೆರೆ ಬಳಿಯ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಶುಕ್ರವಾರ ನೂಕುನುಗ್ಗಲು. ಊಟದ ದಿನವೇ ಮೂವತ್ತು ನಲವತ್ತು ಜನ ದರ್ಶನಕ್ಕೆ ಹೋಗಿ ಸಾಲಲ್ಲಿ ನಿಂತರೆ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆ. ದರ್ಶನ ಬೇಕಾದವರು ಹಿಂದಿನ ದಿನವೇ ಹೋಗಿ ಬರಲಿ.

ಯಾರ ಮನೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಹಿರಿಯಣ್ಣನ ಮನೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದರಿಂದ ಒಂದೇ ಅತ್ತಿಗೆಯ ಮೇಲೆ ವರ್ಷ ವರ್ಷ ಭಾರ ಬೀಳುತ್ತದೆ. ನಾಲ್ಕು ತಾಲ್ಲೂಕಿನಲ್ಲಿ ಹರಡಿಕೊಂಡ ಕುಟುಂಬವಾದರೆ ಸರದಿ ಇಟ್ಟುಕೊಳ್ಳಿ. ಈ ವರ್ಷ ಮಧುಗಿರಿಯ ದೊಡ್ಡಪ್ಪನ ಮನೆ, ಮುಂದಿನ ವರ್ಷ ಶಿರಾದ ಅತ್ತೆಯ ಮನೆ, ಆಮೇಲೆ ಪಾವಗಡದ ಸೋದರಮಾವನದು. ಕೊಟ್ಟ ಹೆಣ್ಣುಮಗಳ ಮನೆಗೆ ತವರಿನವರೆಲ್ಲ ಒಟ್ಟಿಗೆ ಹೋಗುವುದು ನಮ್ಮಲ್ಲಿ ಕಡಿಮೆ. ಆ ಮಗಳಿಗೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ. ಭಾವನವರನ್ನೂ ಅವರ ತಾಯಿತಂದೆಯನ್ನೂ ಮೊದಲು ಕೇಳಿ, ಅವರು ಮನಸಾರೆ ಹೂಂ ಅಂದ ಮೇಲೆ ಉಳಿದವರಿಗೆ ತಿಳಿಸಿ. ಮೊಬೈಲ್ ಗುಂಪಿನಲ್ಲಿ ದಿನ ಹಾಕಿಬಿಟ್ಟು ಆಮೇಲೆ ಮನೆಯವರಿಗೆ ಹೇಳುವುದು ಸರಿಯಲ್ಲ. ಹಾಗೆಯೇ ಹಿರಿಯರನ್ನು ಫೋನ್ ಮಾಡಿಯೇ ಕರೆಯಬೇಕು. ಸಾಧ್ಯವಾದರೆ ಒಬ್ಬರು ಹೋಗಿ ಕುಂಕುಮ ಇಟ್ಟು ಕರೆದು ಬರಬೇಕು. ಮೊಬೈಲ್ ಸಂದೇಶವನ್ನು ಎಪ್ಪತ್ತು ದಾಟಿದವರು ಕರೆ ಎಂದು ಎಣಿಸುವುದಿಲ್ಲ, ಅವರು ಹಾಗೆ ಎಣಿಸದಿರುವುದರಲ್ಲಿ ನ್ಯಾಯವಿದೆ.

ಈ ತಾಲ್ಲೂಕುಗಳಿಗೆ ಬರುವವರು ಹೆಚ್ಚಾಗಿ ಬಸ್ಸನ್ನೇ ನಂಬಬೇಕು. ಶಿರಾ ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ, ತೊಂದರೆಯಿಲ್ಲ. ಮಧುಗಿರಿ, ಪಾವಗಡಕ್ಕೆ ಬರುವವರು ಕೊರಟಗೆರೆ ದಾರಿ ಹಿಡಿಯುತ್ತಾರೆ. ತುಮಕೂರಿನಿಂದ ಪಾವಗಡ ಸುಮಾರು 100 ಕಿ.ಮೀ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಮಾತ್ರ ಜೊತೆಯಲ್ಲಿರಲಿ. ಮುಖ್ಯ ರಸ್ತೆಯಲ್ಲಿ ಇಳಿದ ಮೇಲೆ ಒಳಗಿನ ಹಳ್ಳಿಗೆ ಹೋಗುವುದೇ ಕಷ್ಟ. ಊರಿನ ಒಬ್ಬ ಹುಡುಗನಿಗೆ ಬೆಳಿಗ್ಗೆಯೆಲ್ಲ ಅದೇ ಕೆಲಸ ವಹಿಸಿ: ಗೇಟಿನ ಬಳಿ ಆಟೋ ಅಥವಾ ಗಾಡಿ ಇಟ್ಟುಕೊಂಡು ಬಂದವರನ್ನು ಕರೆತರುವುದು. ಕಾರಿನಲ್ಲಿ ಬರುವವರು ಹಳ್ಳಿ ರಸ್ತೆಯಲ್ಲಿ ನಿಧಾನ. ಈ ಕಾಲದಲ್ಲಿ ರಾಗಿ, ಹುರುಳಿ ಹುಲ್ಲನ್ನು ಟಾರು ರಸ್ತೆಯ ಮೇಲೇ ಹರಡಿರುತ್ತಾರೆ. ಅದರ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ, ಒಣ ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತುವ ಅಪಾಯವೂ ಇದೆ.

ಮುಯ್ಯಿಯ ಲೆಕ್ಕ

ಹಣ ಹಂಚಿಕೊಳ್ಳುವ ವಿಷಯದಲ್ಲಿ ಪಟ್ಟಣದವರು ತಲೆಗಿಷ್ಟು ಎಂದು ಲೆಕ್ಕ ಹಾಕಿ ಮೊಬೈಲ್‌ನಲ್ಲಿ ಕಳಿಸಿಬಿಡೋಣ ಎನ್ನುತ್ತಾರೆ. ಹಳ್ಳಿಯ ಮನೆಯಲ್ಲಿ ಇದು ನೋಯಿಸುತ್ತದೆ. ಊಟ ಹಾಕಿ ದುಡ್ಡು ತಗೊಂಡ ಹಾಗಾಗುತ್ತದೆ ಎಂದು ಅವರಿಗೆ ಅನ್ನಿಸುವುದು ಸಹಜ. ಇದಕ್ಕೆ ನಮ್ಮಲ್ಲೇ ಹಳೆಯ ದಾರಿ ಇದೆ. ಕಳೆ, ಕೊಯ್ಲಿಗೆ ಮುಯ್ಯಾಳು ಹೋಗುವಂತೆ, ಮದುವೆಯಲ್ಲಿ ಮುಯ್ಯಿ ಬರೆಸುವಂತೆ, ಇಲ್ಲಿಯೂ ಸಾಮಾನಿನ ರೂಪದಲ್ಲಿ, ಕೆಲಸದ ರೂಪದಲ್ಲಿ ಮುಯ್ಯಿ ಮಾಡಿ. ಕೊರಟಗೆರೆ ಕಡೆ ಜಯಮಂಗಲಿ, ಸುವರ್ಣಮುಖಿಯ ಆಸುಪಾಸಿನಲ್ಲಿ ತೋಟ ಇರುವವರು ಬಾಳೆಎಲೆ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ತರಲಿ. ಶಿರಾದವರು ಹುಣಸೆಹಣ್ಣು, ಗಾಣದ ಕಡಲೆಕಾಯಿ ಎಣ್ಣೆ. ಮಧುಗಿರಿಯವರು ರಾಗಿ ಹಿಟ್ಟು, ಅವರೆಕಾಯಿ. ಪಾವಗಡದವರು ಕಡಲೆಕಾಯಿ, ತೊಗರಿಬೇಳೆ. ಬೆಂಗಳೂರಿನವರಿಗೆ ಬೆಳೆ ಇಲ್ಲ, ಸಂಬಳ ಇದೆ; ಅಕ್ಕಿ, ಬೆಲ್ಲ, ತುಪ್ಪ, ಗ್ಯಾಸ್ ಸಿಲಿಂಡರ್, ಶಾಮಿಯಾನದ ಬಾಡಿಗೆ ಅವರದಾಗಲಿ. ಕೈ ಸಾಗದವರಿದ್ದರೆ ಅವರ ಮಕ್ಕಳು ಹಿಂದಿನ ದಿನವೇ ಬಂದು ಕೆಲಸಕ್ಕೆ ನಿಲ್ಲಲಿ. ಅದೂ ಮುಯ್ಯಿಯೇ, ಯಾವುದಕ್ಕೂ ಕಡಿಮೆಯಲ್ಲ.

ಒಂದು ನೋಟ್‌ಬುಕ್ ಇಡಿ. ಯಾರು ಏನು ತಂದರು, ಯಾವುದು ಉಳಿಯಿತು, ಯಾವುದು ಸಾಲಲಿಲ್ಲ ಎಂಬುದನ್ನು ಓದಲು ಬರೆಯಲು ಚುರುಕಾದ ಒಬ್ಬ ಹುಡುಗಿ ಬರೆಯಲಿ. ಯಾರು ಕಡಿಮೆ ತಂದರು ಎಂದು ಹುಡುಕುವುದಕ್ಕಲ್ಲ. ಮುಂದಿನ ವರ್ಷ ಇನ್ನೊಂದು ಮನೆಯವರು ಮಾಡುವಾಗ ಅವರಿಗೆ ಅಂದಾಜು ಸಿಗಲಿ ಎಂದು.

ನೀರು, ಕರೆಂಟು, ಬಚ್ಚಲು

ಊಟಕ್ಕಿಂತ ಮೊದಲು ಯೋಚಿಸಬೇಕಾದದ್ದು ನೀರು. ಹಳ್ಳಿಯಲ್ಲಿ ಬೋರ್‌ವೆಲ್ ಮೋಟರ್ ಓಡುವುದು ತ್ರೀಫೇಸ್ ಕರೆಂಟ್ ಬಂದಾಗ ಮಾತ್ರ. ಅದು ಹಗಲೋ ರಾತ್ರಿಯೋ ಎಂಬುದು ವಾರಕ್ಕೊಮ್ಮೆ ಬದಲಾಗಬಹುದು. ಆದ್ದರಿಂದ ಹಿಂದಿನ ದಿನವೇ ತೊಟ್ಟಿ, ಡ್ರಮ್ಮು, ಹಂಡೆ ಎಲ್ಲ ತುಂಬಿಸಿಡಿ. ಪಾತ್ರೆ ತೊಳೆಯುವ ನೀರು ಬೇರೆ, ಕುಡಿಯುವ ನೀರು ಬೇರೆ. ಈ ಭಾಗದಲ್ಲಿ, ಅದರಲ್ಲೂ ಪಾವಗಡದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ದಿನವೂ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ ಎಂಬುದನ್ನು ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊರಗಿನಿಂದ ಬಂದವರು ಮಾತ್ರ ಕುದಿಸಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತನ್ನಿ. ನಲವತ್ತು ಜನಕ್ಕೆ ಇಡೀ ದಿನ ಕುಡಿಯಲು 20 ಲೀಟರಿನ ಆರು ಕ್ಯಾನ್, ಸಾರು, ಅನ್ನ, ಹಿಟ್ಟಿಗೆ ಇನ್ನೂ ನಾಲ್ಕು. ಘಟಕ ಕೆಟ್ಟು ನಿಂತಿರುವ ಊರುಗಳೂ ಉಂಟು, ಎರಡು ದಿನ ಮೊದಲು ಒಮ್ಮೆ ಹೋಗಿ ನೋಡಿ.

ನಲವತ್ತು ಜನಕ್ಕೆ ಒಂದೇ ಪಾಯಿಖಾನೆ ಎಂದರೆ ಬೆಳಗಿನ ಹೊತ್ತು ಹೆಂಗಸರಿಗೆ, ವಯಸ್ಸಾದವರಿಗೆ ಹಿಂಸೆ. ಪಕ್ಕದ ಎರಡು ಮನೆಯವರನ್ನು ಮೊದಲೇ ಕೇಳಿಕೊಂಡು, ಅವರಿಗೂ ನೀರು ತುಂಬಿಸಿಕೊಡಿ. ಅವರನ್ನು ಊಟಕ್ಕೂ ಕರೆಯಿರಿ. ಮೊಣಕಾಲು ನೋವಿನ ಅಜ್ಜಿಗೆ ಕಮೋಡ್ ಕುರ್ಚಿ ಒಂದನ್ನು ಯಾರಾದರೂ ತಂದರೆ ಆ ಅಜ್ಜಿ ನೆಮ್ಮದಿಯಿಂದ ಎರಡು ದಿನ ಉಳಿಯುತ್ತಾರೆ. ಇಲ್ಲದಿದ್ದರೆ ಊಟ ಮುಗಿಯುತ್ತಲೇ ಹೊರಟುಬಿಡುತ್ತಾರೆ. ಏಕೆ ಹೊರಟರೆಂದು ಯಾರಿಗೂ ಹೇಳುವುದಿಲ್ಲ. ಜನವರಿಯ ರಾತ್ರಿ ಬಯಲಿನ ಚಳಿ ಬೆಂಗಳೂರಿನವರಿಗೆ ಅಂದಾಜಿರುವುದಿಲ್ಲ. ಪ್ರತಿ ಸಂಸಾರವೂ ತನ್ನ ಹೊದಿಕೆ ತಾನೇ ತರಲಿ. ಮನೆಯಲ್ಲಿರುವ ಕರಿ ಕಂಬಳಿಗಳು ಹಿರಿಯರ ಹಾಸಿಗೆಗೆ ಇರಲಿ.

ಊಟ

ಬೆಳೆದದ್ದನ್ನು ಉಣ್ಣುವ ಊಟ ಇದು, ಮದುವೆ ಮನೆಯ ಊಟ ಅಲ್ಲ. ಗೋಬಿ, ಫ್ರೈಡ್‌ರೈಸ್, ಐಸ್‌ಕ್ರೀಮ್ ಎಲ್ಲ ಬೇಡ. ಬೆಳಿಗ್ಗೆ ಬಂದವರಿಗೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ, ಕಾಫಿ. ಹಸಿ ಕಾಯಿ ಸಿಗುವ ಕಾಲದಲ್ಲಿ ನಲವತ್ತು ಜನಕ್ಕೆ ಐದು ಕೆ.ಜಿ. ಸಾಕು, ಜನವರಿಯಾದರೆ ಒಣ ಕಾಯಿಯನ್ನು ಮರಳಲ್ಲಿ ಹುರಿದು ಬೆಲ್ಲದ ಜೊತೆ ಕೊಡಿ. ಬೂಸ್ಟು ಹಿಡಿದ, ಕಹಿಯಾದ ಬೀಜವನ್ನು ಮಕ್ಕಳಿಗೆ ಕೊಡಬೇಡಿ, ಅದರಲ್ಲಿ ಈಲಿಗೆ ಕೆಡುಕು ಮಾಡುವ ವಿಷವಿರುತ್ತದೆ.

ಮಧ್ಯಾಹ್ನಕ್ಕೆ ಹೋಳಿಗೆ, ಕಾಯಿಹಾಲು, ತುಪ್ಪ, ಒಬ್ಬಟ್ಟಿನ ಸಾರು, ಕೋಸಂಬರಿ, ಪಲ್ಯ, ಅನ್ನ, ಮಜ್ಜಿಗೆ. ರಾತ್ರಿಗೆ ಹೊಸ ರಾಗಿಯ ಹಿಟ್ಟು, ಹಿತಕಿದ ಅವರೆಬೇಳೆ ಸಾರು. ಬಾಡಿನ ಮನೆಯಾದರೆ ರಾತ್ರಿಗೇ ಬಾಡು ಇಟ್ಟುಕೊಳ್ಳಿ, ಹಗಲು ಎಡೆ ಮತ್ತು ಪೂಜೆ ಸಿಹಿಯೂಟದಲ್ಲೇ ಮುಗಿಯಲಿ. ಎರಡೂ ಬೆರೆತು ಆಗುವ ಗಡಿಬಿಡಿ ಇರುವುದಿಲ್ಲ, ಬಾಡು ತಿನ್ನದ ಬೀಗರಿಗೂ ಸಂಕೋಚವಾಗುವುದಿಲ್ಲ.

ಅಳತೆ ಹೇಳುತ್ತೇನೆ, ನಲವತ್ತು ಜನಕ್ಕೆ. ಒಂದು ಕೆ.ಜಿ. ಕಡಲೆಬೇಳೆಗೆ ಒಂದು ಕೆ.ಜಿ.ಗೆ ತುಸು ಕಡಿಮೆ ಬೆಲ್ಲ ಹಾಕಿದರೆ ಮಧ್ಯಮ ಗಾತ್ರದ ಮೂವತ್ತೈದು, ನಲವತ್ತು ಹೋಳಿಗೆ ಬರುತ್ತವೆ. ತಲೆಗೆ ಎರಡರಂತೆ, ಕಟ್ಟಿ ಕಳಿಸಲೂ ಸೇರಿಸಿ ಮೂರು ಕೆ.ಜಿ. ಬೇಳೆ. ಅನ್ನಕ್ಕೆ ಮಧ್ಯಾಹ್ನ ಐದು ಕೆ.ಜಿ. ಅಕ್ಕಿ, ರಾತ್ರಿ ಮುದ್ದೆಯಿರುವುದರಿಂದ ಮೂರು. ಒಂದು ಕೆ.ಜಿ. ರಾಗಿ ಹಿಟ್ಟಿಗೆ ಎಂಟರಿಂದ ಹತ್ತು ಮುದ್ದೆ, ಎರಡನೆಯ ಸಲ ಕೇಳುವವರನ್ನು ಲೆಕ್ಕಕ್ಕೆ ತಗೊಂಡು ಆರು ಕೆ.ಜಿ. ಅವರೆಕಾಯಿ ಸಿಪ್ಪೆಯ ಜೊತೆ ಹತ್ತು ಕೆ.ಜಿ. ತಂದರೆ ಮೂರು, ಮೂರೂವರೆ ಕೆ.ಜಿ. ಕಾಳು ಸಿಗುತ್ತದೆ, ಸೊಗಡು ಇರುವ ನಾಟಿ ಕಾಯಿಯನ್ನೇ ಆರಿಸಿ. ಬಾಡಾದರೆ ಎಂಟು ಕೆ.ಜಿ.

ಹೋಳಿಗೆಯ ಹೂರಣ ಹಿಂದಿನ ರಾತ್ರಿಯೇ ರುಬ್ಬಿಡಿ. ಬೇಳೆ ಬೆಂದ ಕಟ್ಟನ್ನು ಬಸಿದು ತೆಗೆದಿಟ್ಟು, ಬೆಳಿಗ್ಗೆ ಕುದಿಸಿ ಸಾರು ಮಾಡಿ. ಚಳಿಗಾಲದಲ್ಲಿ ಕೆಡುವುದಿಲ್ಲ. ಅವರೆ ಹಿತುಕುವ ಕೆಲಸ ಬಂದ ನೆಂಟರ ಕೈಗೆ ಬಿಡಿ. ಹಿಂದಿನ ರಾತ್ರಿ ನೆನೆಹಾಕಿದ ಕಾಳಿನ ಪಾತ್ರೆಯ ಸುತ್ತ ಹತ್ತು ಜನ ಕೂತರೆ ಗಂಟೆಯೊಳಗೆ ಮುಗಿಯುತ್ತದೆ, ಹತ್ತು ವರ್ಷದ ಸುದ್ದಿಯೂ ಆಗುತ್ತದೆ. ಇಂಥ ಕೆಲಸ ಮಿಕ್ಸಿಗೆ, ಭಟ್ಟರಿಗೆ ಒಪ್ಪಿಸಬೇಡಿ. ಹಿಟ್ಟು ತಿರುವುವುದು ಗಂಡಸರ ಪಾಲಿಗೆ ಬರಲಿ. ಆರು ಕೆ.ಜಿ. ಒಂದೇ ಸಲಕ್ಕೆ ತಿರುವಲು ಆಗದು, ಗಂಟಾಗುತ್ತದೆ. ಎರಡೆರಡು ಕೆ.ಜಿ.ಯಂತೆ ಮೂರು ಸಲ, ಒಬ್ಬರು ಪಾತ್ರೆ ಹಿಡಿದು ಇನ್ನೊಬ್ಬರು ಹಿಟ್ಟಿನ ಕೋಲು ಹಿಡಿದು. ವರ್ಷ ಕಳೆದಂತೆ ಈ ಕೆಲಸ ಬಲ್ಲ ಗಂಡಸರು ಮನೆಯಲ್ಲಿ ಕಡಿಮೆಯಾಗಿದ್ದಾರೆ. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಹೇಳಿಕೊಡಲಿ, ಮೊಮ್ಮಕ್ಕಳು ಕಲಿಯಲಿ.

ಮೊದಲ ಪಂಕ್ತಿಯಲ್ಲಿ ಹಿರಿಯರು, ಮಕ್ಕಳು, ಬಸುರಿಯರು, ಮತ್ತು ತಪ್ಪದೆ ಆ ಮನೆಯ ಗಂಡಹೆಂಡತಿ. ಮನೆಯೊಡತಿ ‘ನಾನು ಆಮೇಲೆ ಉಣ್ತೀನಿ, ನೀವು ಕೂತ್ಕೊಳ್ಳಿ’ ಎಂದೇ ಅನ್ನುತ್ತಾರೆ. ಒಪ್ಪಬೇಡಿ. ನಾದಿನಿಯರು ಕೈಹಿಡಿದು ಕೂರಿಸಿ, ಮೊದಲ ಹೋಳಿಗೆ ಅವರ ಎಲೆಗೇ ಬಡಿಸಲಿ. ಬಾಳೆಎಲೆ ಸಾಲದಿದ್ದರೆ ಮುತ್ತುಗದ ಎಲೆ ತನ್ನಿ. ಒಣಸೀಮೆಯ ಊಟದ ಎಲೆ ಅದು, ತಿಪ್ಪೆಗೆ ಹಾಕಿದರೆ ಗೊಬ್ಬರ. ಥರ್ಮಾಕೋಲ್ ತಟ್ಟೆ ಹೊಲಕ್ಕೆ ಹಾರಿಹೋಗಿ ದನದ ಹೊಟ್ಟೆ ಸೇರುತ್ತದೆ.

ಸಕ್ಕರೆ ಕಾಯಿಲೆಯವರು ಈಗ ಪ್ರತಿ ಪಂಕ್ತಿಯಲ್ಲೂ ಇದ್ದಾರೆ. ಅವರಿಗೆ ಒತ್ತಾಯ ಮಾಡಿ ಬಡಿಸಬೇಡಿ. ಅರ್ಧ ಹೋಳಿಗೆ ಸಾಕು ಅಂದರೆ ಅರ್ಧವೇ. ಮಾತ್ರೆ, ಇನ್ಸುಲಿನ್ ತಗೊಂಡವರು ಪೂಜೆ ಮುಗಿಯಲಿ ಎಂದು ಉಪವಾಸ ಕೂರುವುದು ಅಪಾಯ. ಅವರಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಕೊಟ್ಟುಬಿಡಿ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಮುಸ್ಲಿಂ ಸ್ನೇಹಿತರನ್ನು ಕರೆದಿದ್ದರೆ ಮರಿ ಕೊಯ್ಯುವ ಕ್ರಮದ ಬಗ್ಗೆ ಅವರನ್ನೇ ಮೊದಲು ಕೇಳಿ. ಶಿರಾದ ಕಡೆ ಎರಡೂ ಮತದವರು ಒಂದೇ ಮಂಡಿಯಲ್ಲಿ ಕಡಲೆಕಾಯಿ ಮಾರಿ ಬದುಕಿದವರು, ಸ್ನೇಹಿತರನ್ನು ಬಿಟ್ಟು ಉಣ್ಣುವ ಕಾರಣವಿಲ್ಲ. ಇನ್ನೊಂದು ವಿಷಯ: ಹರಕೆಯ ಹೆಸರಿನಲ್ಲಿ ಗುಡಿಯಲ್ಲಿ, ಗುಡಿಯ ಆವರಣದಲ್ಲಿ ಪ್ರಾಣಿಬಲಿ ಕೊಡುವುದನ್ನು ಕರ್ನಾಟಕದ 1959ರ ಕಾಯ್ದೆ ನಿಷೇಧಿಸಿದೆ. ದೇವರಿಗೆ ಹಣ್ಣುಕಾಯಿ ಮಾಡಿಸಿ, ಬಾಡಿನ ಅಡುಗೆ ಮನೆಯಲ್ಲೇ ಮಾಡಿಕೊಳ್ಳಿ.

ಕೈಮುಗಿಯುವುದು ಯಾರಿಗೆ

ರಾಗಿ ಇನ್ನೂ ಕಣದಲ್ಲಿದ್ದರೆ ಬೆಳಿಗ್ಗೆ ಎಲ್ಲರೂ ಅಲ್ಲಿಗೇ ಹೋಗಿ. ರಾಶಿಯ ಸುತ್ತ ಬೂದಿಯ ಗೆರೆ, ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ, ಪಕ್ಕದಲ್ಲಿ ಮೊರ, ಕುಡುಗೋಲು, ಸೇರು. ಕಾಯಿ ಒಡೆದು ಮೊದಲ ಸೇರು ಮೀಸಲು ತೆಗೆಯುವುದನ್ನು ಮಕ್ಕಳ ಕೈಯಲ್ಲಿ ಮಾಡಿಸಿ. ಈಗ ಯಂತ್ರ ಬಂದು ಒಂದೇ ದಿನದಲ್ಲಿ ಕಾಳು ಚೀಲಕ್ಕೆ ಬಿದ್ದಿರುತ್ತದೆ, ಕಣವೇ ಇಲ್ಲ ಎನ್ನುವವರು ಅಂಗಳದಲ್ಲಿ ಚೀಲ ಬಿಚ್ಚಿ ಒಂದು ಮೊರದಷ್ಟು ರಾಶಿ ಮಾಡಿದರೂ ನಡೆಯುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಹಿರಿಯರಿಗೆ ಎಡೆ. ಎಡೆಯ ಮುಂದೆ ನಿಂತಾಗ ಮನೆಯ ಹಿರಿಯರೊಬ್ಬರು ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಯಾರು ಯಾವ ಬಾವಿ ತೋಡಿಸಿದರು, ಯಾರು ಯಾವ ಹುಣಸೆ ಗಿಡ ನೆಟ್ಟರು ಎಂದು ಹೇಳಲಿ. ಹೆಣ್ಣು ಹಿರಿಯರ ಹೆಸರು ಬಿಟ್ಟುಹೋಗುತ್ತವೆ, ಅವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಕಾಡುಗೊಲ್ಲರ ಹಟ್ಟಿಗಳಲ್ಲಿ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನನ್ನು ನೆನೆದು ಹಾಲು, ಹಾಡು, ಗಣೆಯ ಊದಿನಲ್ಲಿ ಹರಕೆ ತೀರಿಸುತ್ತಾರೆ. ಬಯಲಿನ ಒಕ್ಕಲು ಮನೆಗಳಲ್ಲಿ ತಿಮ್ಮಪ್ಪನ ಒಕ್ಕಲಾದವರು ದಾಸಯ್ಯನನ್ನು ಕರೆಸಿ ಹರಿಸೇವೆ ಮಾಡುತ್ತಾರೆ. ನಿಮ್ಮ ಮನೆಯ ಕ್ರಮ ಏನಿದೆಯೋ ಅದನ್ನೇ ಮಾಡಿ. ಟಿ.ವಿ. ನೋಡಿ ಹೊಸ ಪೂಜೆ ತರುವ ಅಗತ್ಯವಿಲ್ಲ.

ದೇವರಿಗೂ ಹಿರಿಯರಿಗೂ ಸಲ್ಲಿಸಿದ ಮೇಲೆ ಬದುಕಿರುವವರ ಸರದಿ, ಇಲ್ಲಿ ನಾವು ಎಡವುತ್ತೇವೆ. ಹಿಂದೆ ಕಣದಲ್ಲೇ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತೋಟಿ, ತಳವಾರರಿಗೆ ಆಯ ಕೊಡುತ್ತಿದ್ದರು. ಅದರಲ್ಲಿ ಋಣ ತೀರಿಸುವ ನೆನಪೂ ಇತ್ತು, ಕೊಡುವವ ಮೇಲೆ, ತಗೊಳ್ಳುವವ ಕೆಳಗೆ ಎಂಬ ಜಾತಿಯ ಕ್ರೌರ್ಯವೂ ಇತ್ತು. ಆಯ ಹೋಗಿ ಕೂಲಿ ಬಂದಿರುವುದು ಒಳ್ಳೆಯದೇ. ಆದರೆ ಕಡಲೆಕಾಯಿ ಕಿತ್ತವರು, ಕಳೆ ತೆಗೆದವರು, ಕುರಿ ದನ ಕಾದವರು ಈ ಊಟಕ್ಕೆ ಬರಲೇಬೇಕು. ಬಂದಾಗ ಅವರನ್ನು ಹಿತ್ತಲಲ್ಲಿ, ಜಗಲಿಯಲ್ಲಿ, ಎಲ್ಲರದೂ ಮುಗಿದ ಮೇಲೆ ಕೂರಿಸುವುದು ಇನ್ನೂ ನಡೆಯುತ್ತಿದೆ ಎಂಬುದನ್ನು ಮುಚ್ಚಿಡಬಾರದು. ಅದು ಕಾನೂನಿಗೂ ಅಪರಾಧ, ಮನುಷ್ಯತ್ವಕ್ಕೂ ಅಪರಾಧ. ಒಂದೇ ಚಾಪೆ, ಒಂದೇ ಸಾಲು, ಒಂದೇ ಹೊತ್ತು. ಮನೆಯ ಅಜ್ಜ ಒಪ್ಪುವುದಿಲ್ಲ ಎಂದರೆ ಅಜ್ಜನ ಬಳಿ ಕೂತು ಮೊದಲೇ ಮಾತಾಡಿ. ಅದಕ್ಕೆ ದಿನವೆಷ್ಟಾದರೂ ತಗೊಳ್ಳಿ, ಆದರೆ ಪಂಕ್ತಿಯನ್ನು ಒಡೆಯಬೇಡಿ.

ತವರಿಗೆ ಬಂದ ಹೆಣ್ಣುಮಕ್ಕಳಿಗೆ ಮಡಿಲಕ್ಕಿ ತುಂಬುವುದು ನಮ್ಮಲ್ಲಿ ತಪ್ಪದ ಪದ್ಧತಿ. ಗಂಡ ತೀರಿಕೊಂಡ ಅಕ್ಕನಿಗೆ, ಅತ್ತೆಗೆ ಅದನ್ನು ತಪ್ಪಿಸುತ್ತಾರೆ. ಅವರಿಗೂ ಅದೇ ಅಕ್ಕಿ, ಅದೇ ಕೊಬ್ಬರಿ, ಅದೇ ರವಿಕೆ ಕಣ ತುಂಬಿಸಿ. ಒಂಟಿಯಾಗಿ ಹೊಲ ನಡೆಸಿ ಮಕ್ಕಳನ್ನು ಓದಿಸಿದ ಅಂಥ ಹೆಂಗಸರು ಈ ನಾಲ್ಕು ತಾಲ್ಲೂಕಿನ ಪ್ರತಿ ಊರಲ್ಲೂ ಇದ್ದಾರೆ.

ಪಾವಗಡದ ತಿರುಮಣಿಯ ಕಡೆಯ ನೆಂಟರಿಗೆ ಈ ಸುಗ್ಗಿಯ ಮಾತು ಬೇರೆ ರೀತಿ ಕೇಳಿಸುತ್ತದೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೌರ ಫಲಕಗಳು ನಿಂತಿವೆ, 2,050 ಮೆಗಾವಾಟ್ ಸಾಮರ್ಥ್ಯದ್ದು. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರುವ ಬಾಡಿಗೆ. ಮಳೆ ಕೈಕೊಟ್ಟ ವರ್ಷವೂ ಬರುವ ದುಡ್ಡು ಅದು, ಸಣ್ಣ ಮಾತಲ್ಲ. ಆದರೆ ಆ ಮನೆಗಳಲ್ಲಿ ಕಣವಿಲ್ಲ, ರಾಶಿಯಿಲ್ಲ. ಭೂಮಿ ಇಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ. ಅಂಥ ಮನೆಯಲ್ಲಿ ಕೂಟದ ಸರದಿ ಬಂದಾಗ ಪೂಜೆಗೆ ರಾಗಿಯನ್ನು ನೆಂಟರು ತರಲಿ. ಬಾಡಿಗೆಯ ಹಣದಲ್ಲೇ ಮುಡುಪು ಕಟ್ಟಲಿ, ಅದೂ ನೆಲ ಕೊಟ್ಟದ್ದೇ. ಹಿಂದೆ ತಮ್ಮ ಹೊಲದಲ್ಲಿ ದುಡಿದವರನ್ನು ಹುಡುಕಿ ಊಟಕ್ಕೆ ಕರೆಯುವುದನ್ನು ಮಾತ್ರ ಆ ಮನೆಯವರು ಮರೆಯದಿರಲಿ.

ಬೆಳೆ ಹೋದ ವರ್ಷ ಏನು ಮಾಡುವುದು? ಇದು ಬರದ ಸೀಮೆ, ಅಂಥ ವರ್ಷಗಳು ಬರುತ್ತವೆ. ಕಡಲೆಕಾಯಿಗೆ ಹಾಕಿದ ಬೀಜದ ದುಡ್ಡೂ ಹುಟ್ಟದಿದ್ದಾಗ ಊರಿನ ಅಣ್ಣನಿಗೆ ನೆಂಟರ ಮುಖ ನೋಡಲೂ ನಾಚಿಕೆಯಾಗುತ್ತದೆ. ಆ ವರ್ಷವೇ ಕೂಟ ಬಿಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹೋಳಿಗೆ ಬೇಡ, ಶಾಮಿಯಾನ ಬೇಡ. ಹಿಟ್ಟು, ಹುರುಳಿಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ ಸಾಕು. ಪೂರ್ತಿ ಸಾಮಾನು ಹೊರಗಿನಿಂದ ಬಂದವರೇ ತರಲಿ. ಸಾಲದ ಕಂತು, ಮಕ್ಕಳ ಫೀಸು ಏನಿದೆ ಎಂದು ಒಬ್ಬರೇ ಒಬ್ಬರು, ಎಲ್ಲರೆದುರಲ್ಲದೆ, ಅಣ್ಣನನ್ನು ಹೊಲದ ಕಡೆ ಕರೆದುಕೊಂಡು ಹೋಗಿ ವಿಚಾರಿಸಲಿ.

ಇದೇ ಮಾತಿಗೆ ಸೇರಿದ್ದು: ಪಾಲು, ಪಹಣಿ, ಪೌತಿ ಖಾತೆಯ ವಿಷಯ ಈ ಊಟದಲ್ಲಿ ಬೇಡ. ಅಪರೂಪಕ್ಕೆ ಎಲ್ಲರೂ ಸಿಕ್ಕಿದ್ದಾರೆ ಎಂದು ಯಾರಾದರೂ ಕಾಗದ ತೆಗೆದೇ ತೆಗೆಯುತ್ತಾರೆ. ಬೇಕೇಬೇಕು ಎಂದರೆ ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಎಂದು ಮೊದಲೇ ಗೊತ್ತುಮಾಡಿ, ಸಂಬಂಧಪಟ್ಟವರಷ್ಟೇ, ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು ಕೂರಲಿ. ಮದ್ಯವನ್ನೂ ಮನೆಯವರು ಮೊದಲೇ ಬೇಡ ಎಂದು ಹೇಳಿಬಿಡುವುದು ಒಳ್ಳೆಯದು. ಪಾಲಿನ ಮಾತೂ ಕುಡಿತವೂ ಸೇರಿ ಅಣ್ಣತಮ್ಮಂದಿರು ದೂರವಾದ ಮನೆಗಳನ್ನು ಕಂಡಿದ್ದೇನೆ.

ಅಮೆರಿಕದಲ್ಲಿರುವ ಮಗನೋ ಮಗಳೋ ಮೊಬೈಲ್‌ನಲ್ಲಿ ಸೇರುವುದಾದರೆ ನಮ್ಮ ರಾತ್ರಿ ಎಂಟೂವರೆ ಸರಿಯಾದ ಹೊತ್ತು. ಚಳಿಗಾಲದಲ್ಲಿ ಆಗ ನ್ಯೂಯಾರ್ಕ್ ಕಡೆ ಬೆಳಿಗ್ಗೆ ಹತ್ತು, ಕ್ಯಾಲಿಫೋರ್ನಿಯಾದಲ್ಲಿ ಏಳು. ಫೋನನ್ನು ಕೈಯಿಂದ ಕೈಗೆ ತಿರುಗಿಸುವ ಬದಲು ಕಂಬಕ್ಕೆ ಒರಗಿಸಿಟ್ಟು, ಅಜ್ಜಿಯ ಪಕ್ಕದಲ್ಲೇ ಅರ್ಧ ಗಂಟೆ ಇರಲು ಬಿಡಿ. ಹಳ್ಳಿಯ ಮನೆಯೊಳಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಹಗಲೇ ನೋಡಿಟ್ಟುಕೊಳ್ಳಿ.

ರಾತ್ರಿ ಉಳಿದುಕೊಂಡವರನ್ನು ಮಾರನೆಯ ದಿನ ಹತ್ತಿರದಲ್ಲೇ ಸುತ್ತಾಡಿಸಿ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರು ಬೆಳಗ್ಗೆ ಏಳರೊಳಗೆ ಶುರುಮಾಡಬೇಕು. ಮೇಲಿನ ಕಡಿದಾದ ಭಾಗ ಸಣ್ಣ ಮಕ್ಕಳಿಗೂ ಎತ್ತರಕ್ಕೆ ಹೆದರುವವರಿಗೂ ಅಲ್ಲ. ಮೈದನಹಳ್ಳಿಯ ಬಯಲಿನಲ್ಲಿ ಸಂಜೆ ಹೊತ್ತು ಕೃಷ್ಣಮೃಗಗಳ ಹಿಂಡು ಕಾಣುತ್ತದೆ. ಶಿರಾದಲ್ಲಿ 1696ರ ಜಾಮಿಯಾ ಮಸೀದಿ, ಮಲಿಕ್ ರಿಹಾನ್ ದರ್ಗಾ ಇವೆ. ಅಲ್ಲಿಗೆ ಹತ್ತಿರದ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೂಟ ಫೆಬ್ರವರಿಗೆ ಬಿದ್ದಿದ್ದರೆ ಮಕ್ಕಳಿಗೆ ತಪ್ಪದೆ ತೋರಿಸಿ. ಆ ಊರಿನವರು ಹಕ್ಕಿಗಳು ಕೂತ ಮರದ ಹುಣಸೆಹಣ್ಣಿನ ಆಸೆ ಬಿಟ್ಟು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಹೊರಡುವ ಮೊದಲು ಮಾಡಬೇಕಾದ ಕೆಲವು ಕೆಲಸಗಳಿವೆ. ಉಳಿದ ಅನ್ನ, ಸಾರನ್ನು ರಾತ್ರಿಯೇ ಅಕ್ಕಪಕ್ಕದವರಿಗೆ ಹಂಚಿ, ಹಳಸಲು ಬಿಡಬೇಡಿ. ಬಾಡಿಗೆ ಪಾತ್ರೆಯನ್ನು ತಂದಾಗಿನ ಚೀಟಿ ನೋಡಿ ಎಣಿಸಿ. ಸೌಟು, ಜಾಲರಿ ಯಾವಾಗಲೂ ಒಂದೆರಡು ಕಡಿಮೆ ಬೀಳುತ್ತವೆ, ಅದರ ದುಡ್ಡು ಮನೆಯವರ ತಲೆಗೆ ಬರಬಾರದು. ನೋಟ್‌ಬುಕ್ಕಿನಲ್ಲಿ ಮುಂದಿನ ವರ್ಷದ ಮನೆ ಯಾವುದು ಎಂದು ಎಲ್ಲರೆದುರು ಬರೆದು, ಆ ಮನೆಯವರ ಕೈಗೆ ಕೊಡಿ. ಎರಡು ಸಂಸಾರದವರು ಇನ್ನೊಂದು ದಿನ ಉಳಿದು, ಅಂಗಳ ಗುಡಿಸಿ, ಹಂಡೆ ತೊಳೆದು, ಹಾಸಿಗೆ ಬಿಸಿಲಿಗೆ ಹಾಕಿ, ಖಾಲಿಯಾದ ತೊಟ್ಟಿಗೆ ಮತ್ತೆ ನೀರು ತುಂಬಿಸಿ ಹೋಗಬೇಕು. ಆ ಎರಡು ಸಂಸಾರ ಯಾವುವು ಎಂಬುದನ್ನು ಕೂಟಕ್ಕೆ ಬರುವ ಮುಂಚೆಯೇ ಗೊತ್ತುಮಾಡಿಕೊಂಡಿರಿ.